ತಗ್ಗಿಸಿದ ಕಾರು, ತಿಕ್ಕದ ಟೈರು

ಹಿಂದಿನ ಸೀಟಿನಲ್ಲಿ ಅಮ್ಮ, ಸೋದರಮಾವ, ಅತ್ತೆ ಮೂರೂ ಜನ ಕೂತಿದ್ದರು. ಹಾಸನ ದಾಟಿ ಊರಿನ ರಸ್ತೆಗೆ ತಿರುಗಿ ಮೊದಲನೇ ಹಂಪ್ ಇಳಿದೆ ನೋಡಿ, ಹಿಂದಿನಿಂದ ಗರ್ ಅಂತ ಸದ್ದು. "ಏನೋ ಅದು, ಕಾರಿಗೂ ಹೊಟ್ಟೆ ಹಸೀತಾ?" ಅಂದರು ಮಾವ. ಎರಡನೇ ಹಂಪ್‌ಗೆ ರಬ್ಬರ್ ಸುಟ್ಟ ವಾಸನೆಯೂ ಬಂತು. ಇಳಿದು ನೋಡಿದರೆ ಹೊಸ ಟೈರಿನ ಹೊರ ಅಂಚಿಗೆ ಚಾಕುವಿನಲ್ಲಿ ಹೆರೆದ ಹಾಗೆ ಸುತ್ತಲೂ ಗೆರೆ. ಮಡ್‌ಗಾರ್ಡ್ ಒಳ ಅಂಚಿನಲ್ಲಿ ಪೇಂಟ್ ಎದ್ದು ತಗಡು ಕಾಣುತ್ತಿತ್ತು. ಹಾಕಿಸಿ ಒಂಬತ್ತು ದಿನ ಆಗಿತ್ತು ಅಷ್ಟೇ.

ಕಾರು ಫೋಕ್ಸ್‌ವ್ಯಾಗನ್ ಪೋಲೋ. ಕಂಪನಿ ಕೊಟ್ಟಿದ್ದು 15 ಇಂಚಿನ ರಿಮ್, 185/60 ಟೈರು (ಅಂದರೆ ಅಗಲ 185 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇಕಡಾ 60). ಅದಕ್ಕೆ 35 ಮಿ.ಮೀ. ತಗ್ಗಿಸುವ ಸ್ಪ್ರಿಂಗ್ ಹಾಕಿಸಿದೆ, ಅದೇ ವಾರ 17 ಇಂಚಿನ ಅಲಾಯ್ ರಿಮ್ ಕೂಡ ಹಾಕಿಸಿದೆ. ಅಂಗಡಿಯವರು "ಏನೂ ಆಗಲ್ಲ ಸರ್, ಎಲ್ಲಾರೂ ಇದನ್ನೇ ಹಾಕ್ಸೋದು" ಅಂದರು. ನಾನೂ ನಂಬಿದೆ. ಡಿಸೈನ್ ಅಷ್ಟು ಚೆನ್ನಾಗಿತ್ತು, ನಂಬಬೇಕು ಅಂತಲೇ ಹೋಗಿದ್ದೆ ಅನ್ನಿ.

ಊರಿಂದ ವಾಪಸ್ ಬಂದ ಮೇಲೆ ಕೂತು ಲೆಕ್ಕ ಹಾಕಿದೆ. ಮೊದಲೇ ಮಾಡಬೇಕಿದ್ದ ಹತ್ತು ನಿಮಿಷದ ಲೆಕ್ಕ ಅದು. ಹಳೇ ರಿಮ್ ಹಿಂದೆ 6J, ET40 ಅಂತ ಎರಕದಲ್ಲೇ ಇತ್ತು... ಕನ್ನಡದಲ್ಲೇ ಹೇಳುತ್ತೇನೆ, 6 ಇಂಚು ಅಗಲ, ಆಫ್‌ಸೆಟ್ 40. ಆಫ್‌ಸೆಟ್ ಅಂದರೆ ರಿಮ್‌ನ ನಟ್ಟನಡುವಿನಿಂದ ಹಬ್‌ಗೆ, ಅಂದರೆ ಕಾರಿನಲ್ಲಿ ಚಕ್ರವನ್ನು ಬೋಲ್ಟ್ ಹಾಕಿ ಬಿಗಿಯುವ ಜಾಗಕ್ಕೆ, ಕೂರುವ ಮುಖ ಎಷ್ಟು ಮಿ.ಮೀ. ಹೊರಗಿದೆ ಅನ್ನೋದು. ಈ ಸಂಖ್ಯೆ ಕಡಿಮೆ ಆದಷ್ಟೂ ಚಕ್ರ ಹೊರಗೆ ಬರುತ್ತದೆ. 6 ಇಂಚು ಅಂದರೆ 152.4 ಮಿ.ಮೀ., ಅರ್ಧ 76.2. ಅದರಲ್ಲಿ 40 ಕಳೆದರೆ 36.2. ಹಬ್ ಮುಖದಿಂದ ರಿಮ್‌ನ ಹೊರ ಅಂಚು ಅಷ್ಟು ದೂರ ಇತ್ತು. ನಾನು ಹಾಕಿಸಿದ್ದು ಏಳೂವರೆ ಇಂಚು ಅಗಲ, ಆಫ್‌ಸೆಟ್ 35. ಅದರ ಅರ್ಧ 95.25, ಕಳೆ 35, ಉಳಿದಿದ್ದು 60.25. ಅಂದರೆ ರಿಮ್ ಅಂಚು 24 ಮಿ.ಮೀ. ಹೊರಗೆ ಬಂದಿದೆ! ಹಳೇ ಟೈರು ರಿಮ್‌ಗಿಂತ ಉಬ್ಬಿಕೊಂಡಿತ್ತು, ಹೊಸದು ಅಷ್ಟು ಉಬ್ಬಿಲ್ಲ. ಅದನ್ನು ಬಿಟ್ಟರೂ ಟೈರು ಒಂದೂವರೆ ಸೆಂಟಿಮೀಟರ್ ಆಚೆ ಹೋಗಿತ್ತು.

ಇನ್ನು ಎತ್ತರ. 185/60 ಟೈರಿನ ಪಕ್ಕದ ಗೋಡೆ 111 ಮಿ.ಮೀ., ಒಟ್ಟು ವ್ಯಾಸ 603. ಹೊಸ 205/45 ಹದಿನೇಳರದ್ದು 616. ಮೇಲ್ಗಡೆ ಆರೂವರೆ ಮಿ.ಮೀ. ಜಾಸ್ತಿ, ಅದೂ 35 ಮಿ.ಮೀ. ಕೆಳಗಿಳಿದ ಬಾಡಿಯೊಳಗೆ. ಇನ್ನು ಮೂರು ಜನ ಹಿಂದೆ ಕೂತರೆ ತಿಕ್ಕದೆ ಇನ್ನೇನು ಮಾಡೀತು?

ಹಂಪ್‌ಗಳ ಬಗ್ಗೆ ಒಂದು ಮಾತು. ರಸ್ತೆ ನಿಯಮದ ಪ್ರಕಾರ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ನಮ್ಮೂರ ಮುಂದಿರೋದನ್ನು ನೋಡಿದರೆ ಯಾರೋ ತೆಂಗಿನ ಮರ ಅಡ್ಡ ಮಲಗಿಸಿ ಮೇಲೆ ಟಾರ್ ಸುರಿದ ಹಾಗಿದೆ. ತಗ್ಗಿಸಿದ ಕಾರಿನವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಅಲ್ವಾ.

ಎರಡನೇ ಸಲ ಉಲ್ಟಾ ದಾರಿ ಹಿಡಿದೆ. ಸ್ಪ್ರಿಂಗ್ ಕೂರಲಿ ಅಂತ ಹಳೇ ರಿಮ್‌ನಲ್ಲೇ ಸುಮಾರು ಒಂದು ತಿಂಗಳು ಓಡಿಸಿದೆ. ಕಾರು ಇನ್ನೂ ಕೆಲವು ಮಿ.ಮೀ. ಇಳಿಯಿತು. ಆಮೇಲೆ ಅಲೈನ್‌ಮೆಂಟ್. ಆಮೇಲೆ ದಾರಕ್ಕೆ ಒಂದು ನಟ್ ಕಟ್ಟಿ ಮಡ್‌ಗಾರ್ಡ್ ಅಂಚಿನಿಂದ ಇಳಿಬಿಟ್ಟು, ದಾರಕ್ಕೂ ಟೈರಿನ ಉಬ್ಬಿಗೂ ನಡುವೆ ಎಷ್ಟು ಜಾಗ ಅಂತ ಸ್ಕೇಲ್ ಹಿಡಿದು ಅಳೆದೆ. ಹಿಂದಿನ ಚಕ್ರದ ಹತ್ತಿರ 16 ಮಿ.ಮೀ. ಇತ್ತು. ಅದರಲ್ಲಿ ಮೊದಲಿನ 17 ಇಂಚಿನ ಸೆಟ್ ಒಂದೂವರೆ ಸೆಂಟಿಮೀಟರ್, ಅಂದರೆ 15 ತಿಂದರೆ ಉಳಿಯೋದು ಒಂದು. ಹಳೇ ತಪ್ಪು ಅಲ್ಲೇ ಕಣ್ಣಿಗೆ ಕಾಣುತ್ತಿತ್ತು. ಪೋಲೋದ ಹಿಂದೆ ಇರೋದು ಒಂದೇ ಅಡ್ಡ ಬೀಮ್, ಅಲ್ಲಿ ಕ್ಯಾಂಬರ್, ಅಂದರೆ ಚಕ್ರದ ವಾಲು, ಅಡ್ಜಸ್ಟ್ ಮಾಡಿ ಟೈರನ್ನು ಒಳಗೆ ವಾಲಿಸುತ್ತೇನೆ ಅಂದರೆ ಸುಲಭಕ್ಕೆ ಆಗಲ್ಲ.

ಕೊನೆಗೆ ತೆಗೆದುಕೊಂಡಿದ್ದು 16 ಇಂಚು, 7 ಇಂಚು ಅಗಲ, ಆಫ್‌ಸೆಟ್ 40. ಟೈರು 195/50. ವ್ಯಾಸ 601, ಹಳೇದಕ್ಕೂ ಇದಕ್ಕೂ ಎರಡು ಮಿ.ಮೀ. ವ್ಯತ್ಯಾಸ, ಸ್ಪೀಡೋಮೀಟರ್‌ಗೆ ಗೊತ್ತೂ ಆಗಲ್ಲ. 195/55 ಎಲ್ಲಾ ಕಡೆ ಸಿಗುತ್ತದೆ, ಅದು ಪೋಲೋಗೇ ಕಂಪನಿಯಿಂದ ಬಂದಿರುವ ಸೈಜು ಕೂಡ. ಆದರೆ ಅದರ ವ್ಯಾಸ 621, ಮೇಲ್ಗಡೆ 9 ಮಿ.ಮೀ. ತಿನ್ನುತ್ತದೆ. ಕಂಪನಿ ಕೊಟ್ಟ ಎತ್ತರದಲ್ಲಿ ಪರವಾಗಿಲ್ಲ, ನನಗೆ ಬೇಡ ಅನ್ನಿಸಿತು. 50ಕ್ಕೆ ಎರಡು ವಾರ ಕಾದೆ. ಲೋಡ್ ಇಂಡೆಕ್ಸ್ 84, ಅಂದರೆ ಒಂದೊಂದು ಟೈರು 500 ಕೆಜಿ ಹೊರುತ್ತದೆ. ಕಂಪನಿ ಕೊಟ್ಟಿದ್ದಕ್ಕಿಂತ ಇದು ಕಡಿಮೆ ಆಗಬಾರದು. ಟೈರಿನ ಪಕ್ಕದ ಗೋಡೆಯ ಮೇಲಿರುವ ತಯಾರಿಕೆಯ ನಾಲ್ಕಂಕಿಯನ್ನೂ ನೋಡಿ: 2319 ಅಂತಿದ್ದರೆ 2019ರ 23ನೇ ವಾರದ ಟೈರು, ಸುಮ್ನೆ ದುಡ್ಡು ಕೊಟ್ಟು ಹಳೇ ಮಾಲು ತರಬೇಡಿ.

ಬೋಲ್ಟಿನ ವಿಷಯ ಅಂಗಡಿಯಲ್ಲಿ ಯಾರೂ ಬಾಯಿ ಬಿಡಲ್ಲ. ಪೋಲೋಗೆ ಐದು ಬೋಲ್ಟ್, ಪಿಸಿಡಿ (ಬೋಲ್ಟ್ ತೂತುಗಳು ಕೂರುವ ವೃತ್ತದ ವ್ಯಾಸ) 100 ಮಿ.ಮೀ. ಅದನ್ನು ಎಲ್ಲರೂ ನೋಡುತ್ತಾರೆ. ಆದರೆ ಕಂಪನಿ ಬೋಲ್ಟಿನ ತಲೆಯ ಕೆಳಗೆ ಗೋಲಿ ಥರ ಉರುಟಾಗಿರುತ್ತದೆ, ಹೊರಗಿನ ಅಲಾಯ್‌ಗಳಲ್ಲಿ ಹೆಚ್ಚಿನವಕ್ಕೆ ಕೋನ್ ಆಕಾರದ ಬೋಲ್ಟ್ ಬೇಕು. ಉರುಟು ಬೋಲ್ಟನ್ನು ಕೋನ್ ತೂತಿಗೆ ಬಿಗಿದರೆ ಬಿಗಿಯಾದ ಹಾಗೆ ಕಾಣುತ್ತದೆ, ಹಿಡಿದಿರೋದು ಮಾತ್ರ ಒಂದು ತೆಳ್ಳನೆ ಗೆರೆಯಲ್ಲಿ. ನನ್ನ ಮೊದಲ ಸೆಟ್ ಬಿಚ್ಚಿದಾಗ ತೂತಿನೊಳಗೆ ಉಂಗುರದ ಹಾಗೆ ಹೊಳೆಯುವ ಗುರುತು ಇತ್ತು. ಬೆನ್ನಲ್ಲಿ ಚಳಿ ಬಂತು. ನಡುವಿನ ತೂತು ಕೂಡ ಹಾಗೇ: ಪೋಲೋ ಹಬ್ 57.1 ಮಿ.ಮೀ., ಹೊರಗಿನ ರಿಮ್ ಎಷ್ಟೋ ಸಲ 73.1 ಇರುತ್ತದೆ. ನಡುವೆ ಹಬ್ ರಿಂಗ್ ಹಾಕಿಸಿಕೊಳ್ಳಿ, ಇಲ್ಲದಿದ್ದರೆ ಹೈವೇಯಲ್ಲಿ ಸ್ಟೇರಿಂಗ್ ನಡುಗುವ ಸಾಧ್ಯತೆ ಇರುತ್ತದೆ. ಬೋಲ್ಟನ್ನು 120 ನ್ಯೂಟನ್ ಮೀಟರ್‌ಗೆ ಬಿಗಿಸಿ, ನೂರು ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ನೋಡಿ.

ಕಾನೂನು? ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ಕಂಪನಿ ಕೊಟ್ಟ ಸ್ಪೆಸಿಫಿಕೇಶನ್ ಬದಲಿಸುವ ಹಾಗಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ತಗ್ಗಿಸುವ ಮೊದಲೇ ಓದಿಕೊಳ್ಳಿ, ಇನ್ಶೂರೆನ್ಸ್‌ನವರಿಗೆ ಮುಚ್ಚಿಡಬೇಡಿ.

ಹೊಸ ಚಕ್ರ ಹಾಕಿದ ದಿನ ಅಮ್ಮನ ಹತ್ತಿರ ಒಂದು ಮುಷ್ಟಿ ಚಪಾತಿ ಹಿಟ್ಟು ಕೇಳಿದೆ. ಮಡ್‌ಗಾರ್ಡ್ ಒಳ ಅಂಚಿಗೆ ಅಲ್ಲಲ್ಲಿ ಒಂದು ಬೆರಳು ದಪ್ಪಕ್ಕೆ ಮೆತ್ತಿ, ಹಿಂದೆ ಮೂವರು ಗೆಳೆಯರನ್ನು ಕೂರಿಸಿಕೊಂಡು ಮನೆ ಹತ್ತಿರದ ಹಂಪ್ ಮೇಲೆ ನಾಲ್ಕು ಸಲ ಹತ್ತಿ ಇಳಿಸಿದೆ. ಮುಂದಿನ ಚಕ್ರಕ್ಕೆ ಸ್ಟೇರಿಂಗ್ ಪೂರ್ತಿ ತಿರುಗಿಸಿ ಮತ್ತೆ ಎರಡು ಸಲ. ಎಡ ಹಿಂಬದಿಯ ಹಿಟ್ಟಿನ ಮೇಲೆ ಸಣ್ಣ ಗೆರೆ ಬಿದ್ದಿತ್ತು, ಉಳಿದ ಕಡೆ ನನ್ನ ಬೆರಳಚ್ಚು ಹಾಗೇ ಇತ್ತು. ಗೆರೆಯ ಹಿಂದೆ ಇನ್ನೂ ಒಂದು ಸೆಂಟಿಮೀಟರ್ ಹಿಟ್ಟು ಉಳಿದಿದೆ. ಈ ಸಲ ಹಬ್ಬಕ್ಕೆ ಮಾವನನ್ನು ಎಡಗಡೆಯೇ ಕೂರಿಸುತ್ತೇನೆ.