ಮಂಗಳೂರಿನ ಅಲೋಶಿಯಸ್ ಚಾಪೆಲ್‌ಗೆ ಹೋಗ್ತೀರಾ? ಅರ್ಧ ದಿನ ಇಟ್ಟುಕೊಳ್ಳಿ

ಮಂಗಳೂರಿಗೆ ಹೋದವರು ಪಣಂಬೂರು ಬೀಚ್, ಕದ್ರಿ, ಗಡ್‌ಬಡ್ ಐಸ್‌ಕ್ರೀಮ್ ಎಲ್ಲ ಮುಗಿಸಿ, ಉಳಿದ ಹತ್ತು ನಿಮಿಷದಲ್ಲಿ ಸಂತ ಅಲೋಶಿಯಸ್ ಚಾಪೆಲ್‌ಗೆ, ಅಂದರೆ ಗೋಡೆ, ಚಾವಣಿ ತುಂಬ ಚಿತ್ರಗಳಿರುವ ಚರ್ಚಿಗೆ, ಇಣುಕಿ ಬರುತ್ತಾರೆ. ಮೊದಲ ಸಲ ನಾನೂ ಹಾಗೇ ಮಾಡಿದ್ದೆ. ಅದೂ ಭಾನುವಾರ. ಒಳಗೆ ಬಲಿಪೂಜೆ (ಕ್ರೈಸ್ತರ ಪ್ರಾರ್ಥನಾವಿಧಿ, ಮಾಸ್) ನಡೆಯುತ್ತಿತ್ತು. ಬಾಗಿಲ ಹತ್ತಿರ ನಿಂತು ಬೆವರು ಒರೆಸಿಕೊಂಡು ವಾಪಸ್ ಬಂದೆ.

ಈ ಸಲ ವಾರದ ದಿನ ಹೋದೆ. ಸೆಂಟ್ರಲ್ ಸ್ಟೇಷನ್ ಹತ್ತಿರವೇ ಇದೆ. ಆಟೊದವರಿಗೆ ‘ಬಾವುಟಗುಡ್ಡೆ, ಅಲೋಶಿಯಸ್ ಕಾಲೇಜು’ ಅಂದರೆ ಸಾಕು. ಚಾಪೆಲ್ ಇರುವುದು ಕಾಲೇಜಿನ ಆವರಣದಲ್ಲೇ, ಹಾಗಾಗಿ ಅವತ್ತಿನ ಸಮಯ ಮೊದಲೇ ವಿಚಾರಿಸಿಕೊಳ್ಳಿ.

ಒಳಗೆ ಹೋದ ಕೂಡಲೇ ತಲೆ ಎತ್ತಬೇಡಿ. ಮೊದಲು ಗೋಡೆ ನೋಡಿ. ಕೆತ್ತಿದ ಕಂಬ, ಉಬ್ಬು ಚೌಕಟ್ಟು ಅಂತ ಕಾಣುವುದರಲ್ಲಿ ಎಷ್ಟೋ ಬರೀ ಬಣ್ಣ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಓರೆಯಾಗಿ ನೋಡಿದರೆ ಸಪಾಟು ಗೋಡೆ! ಮುಟ್ಟಿ ನೋಡುವ ಆಸೆ ಆಗುತ್ತದೆ, ಮುಟ್ಟಬೇಡಿ.

ಇದನ್ನು ಬರೆದವರು ಅಂತೋನಿಯೊ ಮೊಸ್ಕೆನಿ. 1854ರಲ್ಲಿ ಇಟಲಿಯ ಬೆರ್ಗಾಮೊ ಹತ್ತಿರದ ಸ್ಟೆಜ್ಜಾನೊದಲ್ಲಿ ಹುಟ್ಟಿ, ಬೆರ್ಗಾಮೊದ ಕರಾರಾ ಅಕಾಡೆಮಿಯಲ್ಲಿ ಕಲಿತವರು. 1889ರಲ್ಲಿ ಕ್ಯಾಥೊಲಿಕ್ ಸನ್ಯಾಸಿಗಳ ಜೆಸ್ವಿಟ್ ಸಭೆ ಸೇರಿದರು. ಪಾದ್ರಿಯಾಗಲಿಲ್ಲ, ಬ್ರದರ್ ಆಗಿಯೇ ಉಳಿದರು. 1899ರಲ್ಲಿ ಮಂಗಳೂರಿಗೆ ಬಂದು ಎರಡು ವರ್ಷಕ್ಕೂ ಜಾಸ್ತಿ ಇಲ್ಲೇ ಬರೆದರು.

ಗೋಡೆಯದ್ದು ಫ್ರೆಸ್ಕೊ. ಸುಣ್ಣದ ಗಾರೆ ಹಸಿ ಇರುವಾಗಲೇ ಬಣ್ಣ ಹಚ್ಚಬೇಕು, ಒಣಗುವಾಗ ಗಾರೆಯೇ ಬಣ್ಣ ಹಿಡಿದುಕೊಳ್ಳುತ್ತದೆ. ಅದಕ್ಕೇ ಒಂದು ದಿನಕ್ಕೆ ಮುಗಿಯುವಷ್ಟು ಜಾಗಕ್ಕೆ ಮಾತ್ರ ಗಾರೆ ಬಳಿಯುವುದು. ತಪ್ಪಾದರೆ ಕೆತ್ತಿ ತೆಗೆದು ಮತ್ತೆ ಶುರು. ಕರಾವಳಿಯ ಸೆಕೆ, ಮಳೆಗಾಲದ ತೇವ ಗೊತ್ತಿದ್ದವರಿಗೆ ಆ ಪಾಡು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಈಗ ಬಣ್ಣ ಇಷ್ಟು ಚೆನ್ನಾಗಿ ಕಾಣಲು 1991–94ರಲ್ಲಿ ಇಂಟಾಕ್ (ಪಾರಂಪರಿಕ ತಾಣ, ಕಲೆ ಕಾಪಾಡುವ ಸಂಸ್ಥೆ) ಮಾಡಿದ ದುರಸ್ತಿಯೂ ಕಾರಣ.

ಚಾವಣಿಯದ್ದು ಬೇರೆ ಕೆಲಸ. ಅದು ಕ್ಯಾನ್ವಾಸ್ ಮೇಲಿನ ತೈಲಚಿತ್ರ. ನಡುವೆ ಚಾಪೆಲ್‌ಗೆ ಹೆಸರು ಕೊಟ್ಟ ಸಂತ ಅಲೋಶಿಯಸ್ ಗೊಂಜಾಗನ ಬದುಕಿನ ಕಥೆ ಇದೆ. ಸಿರಿವಂತ ಮನೆಯ ಹಿರಿಮಗ, ಎಲ್ಲ ಬಿಟ್ಟು ಜೆಸ್ವಿಟ್ ಆದ. ರೋಮ್‌ನಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡುತ್ತಾ 1591ರಲ್ಲಿ, 23ನೇ ವಯಸ್ಸಿಗೆ ತೀರಿಕೊಂಡ. ಇಷ್ಟು ತಿಳಿದುಕೊಂಡು ಹೋದರೆ ಚಿತ್ರಗಳು ತಾವಾಗಿಯೇ ಮಾತಾಡುತ್ತವೆ. ಬೆಂಚಿನಲ್ಲಿ ಒರಗಿ ಕೂತು ನೋಡಿ. ನಿಂತು ನೋಡಿದ ನನ್ನ ಕತ್ತು ಮಾರನೇ ದಿನವೂ ನೋಯುತ್ತಿತ್ತು. ಚಿಕ್ಕ ಬೈನಾಕ್ಯುಲರ್ ಇದ್ದರೆ ತಗೊಂಡು ಹೋಗಿ. ಫೋಟೊ ತೆಗೆಯುವ ಮೊದಲು ಕೇಳಿ.

ಇನ್ನೊಂದು ದಿನ ಸಿಕ್ಕರೆ ರೈಲು ಹತ್ತಿ ಕೊಚ್ಚಿಗೆ ಹೋಗಿ. ಎರ್ನಾಕುಳಂನಿಂದ ಬೋಟಿನಲ್ಲಿ ಫೋರ್ಟ್ ಕೊಚ್ಚಿ ಸೇರಿದರೆ ಸಾಂತಾ ಕ್ರೂಜ್ ಬಸಿಲಿಕಾ ಸಿಗುತ್ತದೆ. ಅಲ್ಲೂ ಮೊಸ್ಕೆನಿಯವರ ಚಿತ್ರಗಳಿವೆ. ಆ ಇಗರ್ಜಿಯ ಪ್ರತಿಷ್ಠೆ ನಡೆದದ್ದು 1905ರ ನವೆಂಬರ್ 19ಕ್ಕೆ. ಮೊಸ್ಕೆನಿ ತೀರಿಕೊಂಡದ್ದು 15ಕ್ಕೆ, ಅದೇ ಊರಿನಲ್ಲಿ.