ಕನ್ನಡಿಯೊಳಗಿನ ಮೂಗುಬೊಟ್ಟು

ಧಾರವಾಡದ ಒಂದು ಕೋಣೆಯಲ್ಲಿ ಭಾನುವಾರದ ಚಿತ್ರಾಭ್ಯಾಸ. ಗೋಡೆಗೆ ಎರಡಡಿ ಅಗಲದ ಕನ್ನಡಿ, ಅದರಿಂದ 2 ಅಡಿ ಈಚೆಗೆ ಸ್ಟೂಲು, ಅದರ ಮೇಲೆ ಕನ್ನಡಿಗೆ ಮುಖ ಮಾಡಿ ಕೂತ ಇಳಕಲ್ ಸೀರೆಯ ಹೆಣ್ಣುಮಗಳು. ಕ್ಯಾನ್ವಾಸ್ ನಿಲ್ಲಿಸುವ ಈಸೆಲ್ ಕನ್ನಡಿಯಿಂದ 8 ಅಡಿ ಹಿಂದೆ, ಆಕೆಯ ಬೆನ್ನಿನಿಂದ 2 ಅಡಿ ಬಲಕ್ಕೆ.

ಪೆನ್ಸಿಲ್ ಹಿಡಿಯುವ ಮೊದಲೇ ಒಂದು ಮಾತು ಕೇಳಬೇಕು.

"ಅಕ್ಕಾರ, ಕನ್ನಡ್ಯಾಗ ನನ್ನ ಕಣ್ಣಿಗೆ ಕಣ್ಣ ಕೊಡ್ರಿ. ಈಗ ಯಾರ ಕಾಣಾಕತ್ತಾರ?"

"ನನ್ನ ಮಾರಿ ಅಲ್ರಿ, ನೀವ ಕಾಣಾಕತ್ತೀರಿ."

ಚಿತ್ರದ ಜೀವ ಇರುವುದು ಇಲ್ಲೇ. ಪ್ರತಿಬಿಂಬದ ಕಣ್ಣು ನೋಡುಗನಿಗೆ ನೆಟ್ಟಿದ್ದರೆ ಆಕೆ ನೋಡುತ್ತಿರುವುದು ನಮ್ಮನ್ನು. ತನ್ನನ್ನೇ ನೋಡಿಕೊಳ್ಳುವವಳು ಬೇಕಾದರೆ, ಈ ಜಾಗದಿಂದ ಪ್ರತಿಬಿಂಬದ ಪಾಪೆ ಕೊಂಚ ಎಡಕ್ಕೆ, ಅವಳ ನಿಜವಾದ ತಲೆಯ ಕಡೆಗೆ ಸರಿಯಬೇಕು.

ಇನ್ನು ಅಳತೆ. ತಲೆ ನಮ್ಮಿಂದ 6 ಅಡಿ ದೂರ; ಪ್ರತಿಬಿಂಬ ಗಾಜಿನ ಹಿಂದೆ ಇನ್ನೆರಡು ಅಡಿ, ಅಂದರೆ ನಮ್ಮಿಂದ 10 ಅಡಿ. ಕ್ಯಾನ್ವಾಸಿನಲ್ಲಿ ತಲೆ 15 ಸೆಂ.ಮೀ. ಇದ್ದರೆ ಕನ್ನಡಿಯ ಮುಖ 9 ಸೆಂ.ಮೀ. ಬರಬೇಕು. ಮುಖದ ಮೋಹಕ್ಕೆ ಎಲ್ಲರೂ ಅದನ್ನು ದೊಡ್ಡದು ಮಾಡುತ್ತಾರೆ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ, ಸ್ಪೇನಿನ ಚಿತ್ರಕಾರ ವೆಲಾಸ್ಕೆಸ್‌ನ ವೀನಸ್ ದೇವತೆಯ ಚಿತ್ರದಲ್ಲೂ ಕನ್ನಡಿಯ ಮುಖ ಲೆಕ್ಕಕ್ಕಿಂತ ದೊಡ್ಡದು. ಆದರೆ ಆತ ಅದನ್ನು ಮಸುಕಾಗಿಸಿ, ಗುರುತು ಸಿಗದಂತೆ ಬಿಟ್ಟ. ಆ ಧೈರ್ಯ ಕಲಿಯುವಂಥದ್ದು.

ಹೆಚ್ಚು ಜನ ಎಡವುವುದು ಮೂಗುಬೊಟ್ಟಿನಲ್ಲಿ. ಎದುರಿನಿಂದ ಬರೆದ ಭಾವಚಿತ್ರದಲ್ಲಿ ಎಡ ಹೊಳ್ಳೆಯ ಬೊಟ್ಟು ನಮ್ಮ ಬಲಕ್ಕೆ ಬರುತ್ತದೆ. ಕೈಗೆ ಅದೇ ರೂಢಿ. ಕನ್ನಡಿಯಲ್ಲಿ ಅದು ನಮ್ಮ ಎಡಕ್ಕೇ ಉಳಿಯುತ್ತದೆ. ಎಡಭುಜದ ಸೆರಗೂ ಹಾಗೆಯೇ. ಕಂಡದ್ದನ್ನು 'ತಿದ್ದಿ'ದರೆ ಕನ್ನಡಿ ಹೋಗಿ ಕಿಟಕಿಯಾಗುತ್ತದೆ, ಆಚೆ ಇನ್ನೊಬ್ಬಳು ನಿಂತಂತೆ.

ಗಾಜು ಕಾಣಲಿ ಎಂದು ಬಿಳಿ ಬಣ್ಣ ಸವರುವುದೂ ತಪ್ಪು. ಸಾಮಾನ್ಯ ಕನ್ನಡಿ ಬೆಳಕನ್ನು ತುಸು ನುಂಗಿ ಹಸಿರು ಛಾಯೆ ಕೊಡುತ್ತದೆ. ಮೈಬಣ್ಣಕ್ಕೆ ಚಿಟಿಕೆಯಷ್ಟು ಹಸಿರು ಬೆರೆಸಿ, ಒಂದು ಮೆಟ್ಟಿಲು ಕಪ್ಪಾಗಿಸಿದರೆ ಸಾಕು.

ವಿರಾಮಕ್ಕೆ ಏಳುವ ಮುನ್ನ ಸ್ಟೂಲಿನ ಕಾಲಿಗೂ ನಮ್ಮ ಪಾದಕ್ಕೂ ಸೀಮೆಸುಣ್ಣದ ಗುರುತು ಹಾಕಿಕೊಳ್ಳಬೇಕು. ಆಕೆ ಕನ್ನಡಿಯತ್ತ 1 ಅಂಗುಲ ಸರಿದು ಕೂತರೆ ತಲೆಗೂ ಪ್ರತಿಬಿಂಬಕ್ಕೂ ನಡುವಿನ ಅಂತರ 2 ಅಂಗುಲ ಕಡಿಮೆಯಾಗಿ, ಬೆಳಗಿನ ರೇಖೆ ಮಧ್ಯಾಹ್ನಕ್ಕೆ ಹೊಂದುವುದಿಲ್ಲ.