ಒಂದು ಸ್ಕ್ರೂ ಜಾಸ್ತಿ ಉಳಿಯಿತು

ಉಡುಪಿ, 27 ಜುಲೈ 2025, ಭಾನುವಾರ, ರಾತ್ರಿ 10.30

ಅಮ್ಮ ಮಲಗಿದ್ದಾರೆ. ಮಳೆ ಸ್ವಲ್ಪ ನಿಂತಿದೆ. ಮಾಡಿನಿಂದ ಹನಿ ಬೀಳುವ ಸದ್ದು ಮಾತ್ರ ಕೇಳುತ್ತಿದೆ. ನಿನ್ನೆಯಿಂದ ತಲೆಯಲ್ಲಿ ಒಂದೇ ವಿಷಯ. ಬರೆದರೆ ನಿದ್ದೆಯಾದರೂ ಬಂದೀತು.

ಗುರುವಾರ ಆಟಿ ಅಮಾವಾಸ್ಯೆ ಇತ್ತು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಪಾಲೆ ಮರದ ಕೆತ್ತೆಯ ಕಷಾಯ, ಮೇಲಿಂದ ಮೆಂತೆ ಗಂಜಿ. ಆ ಕಹಿ ನಾಲಿಗೆಯಿಂದ ಇಳಿಯುವ ಮೊದಲೇ ಅಮ್ಮ ಹಿತ್ತಿಲಿನ ಕೆಸುವಿನ ಎಲೆ ಎಣಿಸುತ್ತಿದ್ದರು. ಶನಿವಾರ ಪತ್ರೊಡೆ ಅಂತ ತೀರ್ಮಾನವಾಯಿತು. ಅಕ್ಕಿ ನೆನೆಹಾಕಿ, ಮೆಣಸು ಹುರಿದು, ಹುಳಿ ಬೆಲ್ಲ ಎಲ್ಲ ತಯಾರು ಮಾಡಿ ಗ್ರೈಂಡರಿನ ಸ್ವಿಚ್ ಹಾಕಿದರೆ, ಅದು ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ.

ನಮ್ಮದು ಹದಿನಾಲ್ಕು ವರ್ಷದ ಹಳೆಯ ಟೇಬಲ್ ಗ್ರೈಂಡರ್. ಸ್ಟೀಲಿನ ಮೈ. ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದೆ. "ಬುಧವಾರ ನೋಡುವ" ಅಂದ. ಅವನನ್ನು ದೂರಿ ಪ್ರಯೋಜನ ಇಲ್ಲ. ಈ ಮಳೆಯಲ್ಲಿ ಊರಿಡೀ ಪಂಪು ಸುಟ್ಟಿರುತ್ತದೆ, ಮರ ಬಿದ್ದು ಲೈನ್ ಹೋಗಿರುತ್ತದೆ. ಜುಲೈಯಲ್ಲಿ ಉಡುಪಿಯಲ್ಲಿ ಎಲೆಕ್ಟ್ರಿಷಿಯನ್ ಹುಡುಕುವುದೂ ಒಂದೇ, ಟ್ರಾಲಿಂಗ್ ನಿಷೇಧದಿಂದ ಬೋಟು ನಿಂತ ಹೊತ್ತಿಗೆ ಮಲ್ಪೆ ಬಂದರಿಗೆ ಹೋಗಿ ಅಂಜಲ್ ಮೀನು ಕೇಳುವುದೂ ಒಂದೇ. ನೆನೆದ ಅಕ್ಕಿ ಬುಧವಾರದವರೆಗೆ ಕಾಯುವುದಿಲ್ಲ, ಅಲ್ವಾ? ನಾನು ಸ್ಕ್ರೂಡ್ರೈವರ್ ತೆಗೆದುಕೊಂಡೆ.

ನಿಜ ಹೇಳಬೇಕೆಂದರೆ ಅಕ್ಕಿ ಒಂದು ನೆಪ. ಇಂಥ ಕೆಲಸ ನನಗೆ ಇಷ್ಟ. ಅಪ್ಪನಿಗೂ ಇಷ್ಟವಿತ್ತು. ಹಳೆ ಮನೆಯಲ್ಲಿ ಪಿಂಗಾಣಿಯ ಫ್ಯೂಸ್ ಕಟೌಟ್ ಇತ್ತು. ಫ್ಯೂಸ್ ಹೋದರೆ ಅಪ್ಪ ಅಂಗಡಿಯ ಫ್ಯೂಸ್ ವಯರಿಗೆ ಕಾಯುತ್ತಿರಲಿಲ್ಲ. ಹಳೆ ವಯರಿನ ಸಿಪ್ಪೆ ಸುಲಿದು ತಾಮ್ರದ ನಾಲ್ಕು ಎಳೆ ಹೊಸೆದು ಕಟ್ಟಿಬಿಡುತ್ತಿದ್ದರು. ಆಮೇಲೆ ಆ ಫ್ಯೂಸ್ ವರ್ಷಗಟ್ಟಲೆ ಹೋಗುತ್ತಿರಲಿಲ್ಲ. ನಮಗೆಲ್ಲ ಅದೊಂದು ಹೆಮ್ಮೆ. ಹೋಗಬೇಕಾದಾಗ ಹೋಗುವುದೇ ಫ್ಯೂಸಿನ ಕೆಲಸ, ಅದು ಹೋಗದಿದ್ದರೆ ಸುಡುವುದು ಗೋಡೆಯ ಮೇಲಿನ ವಯರು, ಅಂತ ನಮಗೆ ಆಗ ಯಾರೂ ಹೇಳಿರಲಿಲ್ಲ.

ಇರಲಿ. ಗುಂಯ್ ಅಂದು ತಿರುಗದಿದ್ದರೆ ಹೆಚ್ಚಾಗಿ ಮೋಟರಿಗೆ ತಿರುಗಲು ಮೊದಲ ತಳ್ಳು ಕೊಡುವ ಕೆಪಾಸಿಟರ್ ಹೋಗಿರುತ್ತದೆ. ಫ್ಯಾನಿಗೂ ಇದೇ ರೋಗ ಬರುತ್ತದೆ. ಅಷ್ಟು ನನಗೆ ಗೊತ್ತು, ಮತ್ತೆ ಆ ಊಹೆ ಸರಿಯೂ ಇತ್ತು. ಪ್ಲಗ್ ಕಿತ್ತೆ. ಬರೀ ಸ್ವಿಚ್ ಆಫ್ ಮಾಡಿದರೆ ಸಾಲದು ಅಂತಲೂ ಗೊತ್ತಿತ್ತು. ಹಳೆ ವಯರಿಂಗಿನಲ್ಲಿ ಕರೆಂಟು ತರುವ ಫೇಸ್ ಮತ್ತು ವಾಪಸ್ ಒಯ್ಯುವ ನ್ಯೂಟ್ರಲ್ ಅದಲು ಬದಲಾಗಿದ್ದರೆ ಸ್ವಿಚ್ ಕತ್ತರಿಸುವುದು ನ್ಯೂಟ್ರಲನ್ನು. ಯಂತ್ರ ನಿಲ್ಲುತ್ತದೆ, ಒಳಗೆ 230 ವೋಲ್ಟ್ ಹಾಗೇ ಕೂತಿರುತ್ತದೆ. ನೋಡಿ, ನಾನು ಏನೂ ಗೊತ್ತಿಲ್ಲದವನಲ್ಲ. ಅದೇ ತೊಂದರೆ ಆದದ್ದು.

ಗ್ರೈಂಡರನ್ನು ಮಗುಚಿ ಅಡಿಯ ತಟ್ಟೆ ಬಿಚ್ಚಿದೆ. ಒಳಗೆ ಹದಿನಾಲ್ಕು ವರ್ಷದ ಹಿಟ್ಟು ಒಣಗಿ ಗಟ್ಟಿಯಾಗಿತ್ತು, ನಡುವೆ ಎರಡು ಜಿರಳೆ. ಕೆಪಾಸಿಟರಿನ ಮೇಲೆ ಬರೆದ ನಂಬರು ನೋಡಿ, ಸ್ಕೂಟರ್ ಹತ್ತಿ ಪೇಟೆಗೆ ಹೋಗಿ ಅದೇ ನಂಬರಿನದು ತಂದು ಹಾಕಿದೆ. ಪೂರಾ ಒಂದೂವರೆ ಗಂಟೆಯ ಕೆಲಸ.

ಒಂದೇ ಒಂದು ಸಣ್ಣ ವಿಷಯ. ಮೋಟರಿನ ಪಕ್ಕದಲ್ಲಿ ಒಂದು ಹಸಿರು ವಯರು ಸ್ಟೀಲ್ ಮೈಗೆ ಸ್ಕ್ರೂ ಹಾಕಿ ಕೂತಿತ್ತು. ಅದು ಅಡ್ಡ ಬರುತ್ತದೆ ಅಂತ ಬಿಚ್ಚಿದ್ದೆ. ನಮ್ಮ ಕಡೆಯ ಉಪ್ಪುಗಾಳಿಗೆ ಕಬ್ಬಿಣವೆಲ್ಲ ಹಪ್ಪಳ ಆಗುತ್ತದಲ್ಲ, ಹಾಗೆ ವಯರಿನ ತುದಿಯ ಸ್ಕ್ರೂ ಕೂರುವ ಬಳೆ ಕೈಯಲ್ಲೇ ಪುಡಿಯಾಯಿತು. ಹೊಸ ಬಳೆ ಮನೆಯಲ್ಲಿ ಇರಲಿಲ್ಲ. ಮತ್ತೆ ಪೇಟೆಗೆ ಹೋಗಬೇಕು, ಹೊರಗೆ ಮಳೆ ಹೊಯ್ಯುತ್ತಿತ್ತು. ತುದಿಗೆ ಕಪ್ಪು ಟೇಪ್ ಸುತ್ತಿ ಒಳಗೆ ತುರುಕಿದೆ. ತಟ್ಟೆ ಕೂರಿಸಿ ಸ್ಕ್ರೂ ಬಿಗಿದೆ. ಸ್ವಿಚ್ ಹಾಕಿದೆ. ತಿರುಗಿತು!

ಕಡೆಗೆ ಒಂದು ಸ್ಕ್ರೂ ಉಳಿಯಿತು. ಅದರ ಜೊತೆ ಸುತ್ತ ಹಲ್ಲು ಇರುವ ನಕ್ಷತ್ರದಂಥ ಒಂದು ವಾಷರ್. ಎರಡನ್ನೂ ಹಳೆ ಹಾರ್ಲಿಕ್ಸ್ ಬಾಟಲಿಗೆ ಹಾಕಿದೆ. ನನ್ನ ಉಳಿದ ಸ್ಕ್ರೂಗಳೆಲ್ಲ ಅದರಲ್ಲೇ ಇರುವುದು. ಎಷ್ಟು ರಿಪೇರಿ ಮಾಡಿದ್ದೇನೆ ಅನ್ನುವುದಕ್ಕೆ ಅದೇ ಲೆಕ್ಕ.

ಅಮ್ಮ ರುಬ್ಬಲು ಶುರು ಮಾಡಿದರು. ಐದು ನಿಮಿಷಕ್ಕೆ, "ಎಂತದೋ ಜುಂ ಅಂತದೆ ಮಾರಾಯ" ಅಂದರು. ನಾನು ಮೊಬೈಲ್ ನೋಡುತ್ತಾ, "ಮಳೆಗಾಲ ಅಲ್ವಾ, ನೆಲ ಬೆವರಿದೆ" ಅಂದೆ. ಈ ಜುಂ ಅನ್ನುವುದಕ್ಕೆ ನಮ್ಮ ಮನೆಗಳಲ್ಲಿ ಯಾವ ಬೆಲೆಯೂ ಇಲ್ಲ. ಮುಟ್ಟಿದರೆ ಫ್ರಿಜ್ ಜುಂ ಅನ್ನುತ್ತದೆ, ವಾಷಿಂಗ್ ಮಷಿನ್ ಜುಂ ಅನ್ನುತ್ತದೆ, ಬಚ್ಚಲಿನ ನಲ್ಲಿಯೂ ಒಮ್ಮೊಮ್ಮೆ ಜುಂ ಅನ್ನುತ್ತದೆ. ಚಪ್ಪಲಿ ಹಾಕಿಕೊಂಡು ಮುಟ್ಟಿ ಅನ್ನುತ್ತೇವೆ, ಅಲ್ಲಿಗೆ ಮುಗಿಯಿತು.

ಇನ್ನೊಂದು ಹದಿನೈದು ನಿಮಿಷ ಆಗಿರಬಹುದು. ಅಮ್ಮ ಕೂಗಿದರು. ಆ ಕೂಗು ನಾನು ಮೊದಲು ಕೇಳಿದ್ದಲ್ಲ. ಓಡಿ ಹೋದರೆ ಗೋಡೆ ತುಂಬಾ ಕೆಂಪು ಹಿಟ್ಟು, ಸೌಟು ಒಲೆಯ ಆಚೆ ಬಿದ್ದಿದೆ. ಅಮ್ಮ ಬಲಗೈಯನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಒರಗಿದ್ದಾರೆ. ಮೊಣಕೈ ಗ್ರೈಂಡರಿಗೆ ತಾಗಿತ್ತಂತೆ. ನಾನು ನೇರ ಹೋಗಿ ಅವರನ್ನೇ ಹಿಡಿದೆ. ಅವರು ಆಗಲೇ ಬಿಡಿಸಿಕೊಂಡಿದ್ದರಿಂದ ಸರಿ. ಇಲ್ಲದಿದ್ದರೆ ಮೊದಲು ಮೇನ್ ಆಫ್ ಮಾಡಬೇಕಿತ್ತು. ಅದೂ ನನಗೆ ಗೊತ್ತಿದ್ದದ್ದೇ. ಆ ಹೊತ್ತಿಗೆ ಒಂದೂ ನೆನಪಾಗಲಿಲ್ಲ.

ಅಮ್ಮನಿಗೆ ಏನೂ ಆಗಲಿಲ್ಲ. ಡಾಕ್ಟರ ಹತ್ತಿರ ಹೋಗಿ ಇಸಿಜಿ ಮಾಡಿಸಿ ಬಂದೆವು. ಹಿಮ್ಮಡಿ ಒಡೆದದ್ದಕ್ಕೆ ಮನೆಯೊಳಗೂ ರಬ್ಬರ್ ಚಪ್ಪಲಿ ಹಾಕಿ ಅಂತ ಅದೇ ಡಾಕ್ಟರು ಹಿಂದೆ ಹೇಳಿದ್ದರು. ಅಮ್ಮ ಗೊಣಗುತ್ತಾ ಹಾಕುತ್ತಿದ್ದರು.

ಅಮ್ಮನಿಗೆ ಶಾಕ್ ಹೊಡೆಯಿತು ಅಂದದ್ದಕ್ಕೆ ಎಲೆಕ್ಟ್ರಿಷಿಯನ್ ಬುಧವಾರ ಬಿಟ್ಟು ಇವತ್ತು ಬೆಳಿಗ್ಗೆ ಎಂಟಕ್ಕೇ ಬಂದ. ಮೂವತ್ತರ ಒಳಗಿನ ಹುಡುಗ. ಗ್ರೈಂಡರ್ ಬಿಚ್ಚುತ್ತಾನೆ ಅಂದುಕೊಂಡೆ, ಬಿಚ್ಚಲಿಲ್ಲ. ಚೀಲದಿಂದ ಒಂದು ಹೋಲ್ಡರ್, ಅದಕ್ಕೆ 60 ವಾಟಿನ ಹಳೆ ಕಾಲದ ಬಲ್ಬು, ಎರಡು ಉದ್ದ ವಯರು ತೆಗೆದ. ನಮ್ಮನ್ನು ದೂರ ನಿಲ್ಲಿಸಿದ. ಒಂದು ವಯರನ್ನು ಪಕ್ಕದ ಸಾಕೆಟ್ಟಿನ ಅರ್ತ್‌ಗೆ, ಅಂದರೆ ನೆಲಕ್ಕೆ ಸಂಪರ್ಕ ಇರುವ ತೂತಿಗೆ, ಹಾಕಿದ. ಗ್ರೈಂಡರಿನ ಸ್ವಿಚ್ ಹಾಕಿ, ಇನ್ನೊಂದರ ತುದಿಯನ್ನು ಸ್ಟೀಲ್ ಮೈಗೆ ತಾಗಿಸಿದ.

ಬಲ್ಬು ಉರಿಯಿತು. ಮಿಣುಕು ಬೆಳಕಲ್ಲ, ದೇವರ ಕೋಣೆಯ ಬಲ್ಬಿನ ಹಾಗೆ ಪೂರ್ತಿ ಬೆಳಕು. ಅಮ್ಮ ಸೆರಗು ಬಾಯಿಗೆ ಹಿಡಿದುಕೊಂಡರು.

"ಅರ್ತ್ ಒಳ್ಳೇದುಂಟು" ಅಂದ ಅವನು. "ಅರ್ತ್ ಗುಂಡಿಗೆ ಉಪ್ಪು, ಇದ್ದಿಲು ಸರಿ ಹಾಕಿದ್ದಾರೆ." ಆಮೇಲೆ ಬಲ್ಬನ್ನೇ ನೋಡುತ್ತಾ ನಿಂತ. "ಆದರೆ ಇದು ಉರಿಯಬಾರದಿತ್ತು."

ನನಗೆ ಅರ್ಥ ಆಗಲಿಲ್ಲ. ಮೈಯಲ್ಲಿ ಕರೆಂಟು ಇದ್ದರೆ ಉರಿಯಲೇಬೇಕಲ್ಲ?

"ಬಲ್ಬು ಉರಿಯುವ ಮೊದಲೇ ಮನೆಯಿಡೀ ಟ್ರಿಪ್ ಆಗಬೇಕು ಸಾರ್. ಆರ್‌ಸಿಸಿಬಿ ಇಲ್ವಾ?"

ಇದೆ. ಅಲ್ಲ, ಇತ್ತು. ಕರೆಂಟು ಸೋರಿದರೆ ತಾನಾಗಿ ಲೈನ್ ಕಡಿಯುವ ಸ್ವಿಚ್ಚು ಅದು. ಜೂನ್ ಎರಡನೇ ವಾರದಿಂದ ದಿನಕ್ಕೆ ನಾಲ್ಕು ಸಲ ಟ್ರಿಪ್ ಆಗುತ್ತಿತ್ತು. ಬಾವಿ ಹತ್ತಿರದ ಲೈಟಿಗೆ ನೀರು ಇಳಿದು ಅಲ್ಲಿ ಕರೆಂಟು ಸೋರುತ್ತಿತ್ತು. ಒಂದು ರಾತ್ರಿ ರೋಸಿ ಹೋಗಿ ನಾನೇ ಅದನ್ನು ಬೈಪಾಸ್ ಮಾಡಿದ್ದೆ. ಬಾವಿಯ ಲೈಟಿನ ವಯರು ಬಿಚ್ಚಿಟ್ಟಿದ್ದರೆ ಸಾಕಿತ್ತು. ಅದು ಬಿಟ್ಟು, ಸೋರುತ್ತಿದೆ ಅಂತ ಹೇಳುತ್ತಿದ್ದವನ ಬಾಯಿಯನ್ನೇ ಮುಚ್ಚಿದೆ. ಆಮೇಲೆ ಟ್ರಿಪ್ ಆಗಲಿಲ್ಲ. ಅದೂ ಒಂದು ರಿಪೇರಿ ಅಂತಲೇ ಮನಸ್ಸಿನಲ್ಲಿ ಲೆಕ್ಕ ಹಾಕಿದ್ದೆ. ಅಪ್ಪನ ತಾಮ್ರದ ಎಳೆಗೂ ಇದಕ್ಕೂ ಏನು ವ್ಯತ್ಯಾಸ?

ಹುಡುಗ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಡಬ್ಬಿ ಬಿಚ್ಚಿ ಮೊದಲಿನ ಹಾಗೆ ಜೋಡಿಸುತ್ತಾ ಹೇಳುತ್ತಾ ಹೋದ. ಫೇಸಿನಲ್ಲಿ ಹೋದಷ್ಟೇ ಕರೆಂಟು ನ್ಯೂಟ್ರಲಿನಲ್ಲಿ ವಾಪಸ್ ಬರಬೇಕು. ಬರುವುದರಲ್ಲಿ 30 ಮಿಲಿಆಂಪ್ ಕಡಿಮೆಯಾದರೆ ಅದು ಬೇರೆ ಎಲ್ಲಿಂದಲೋ ನೆಲಕ್ಕೆ ಹೋಗುತ್ತಿದೆ ಅಂತ ಅರ್ಥ. ಕಣ್ಣು ಮಿಟುಕಿಸುವಷ್ಟರಲ್ಲಿ ಕಟ್. ಪಕ್ಕದಲ್ಲಿರುವ ಎಂಸಿಬಿಗೆ, ಅಂದರೆ ಕರೆಂಟು ಮಿತಿ ಮೀರಿದರೆ ಬೀಳುವ ಸ್ವಿಚ್ಚಿಗೆ, ಈ ಬುದ್ಧಿ ಇಲ್ಲ. ಅದು ಕಾಯುವುದು ವಯರನ್ನು, ಮನುಷ್ಯರನ್ನಲ್ಲ. ನಮ್ಮ ಅಡುಗೆಮನೆಯದು 16 ಆಂಪಿನದು. ಒದ್ದೆ ಕೈ, ಬರಿಗಾಲು ಆದರೆ ಮೈಯ ತಡೆ ಸುಮಾರು ಸಾವಿರ ಓಮ್‌ಗೆ ಇಳಿಯುತ್ತದೆ. ಆಗ 230 ವೋಲ್ಟಿಗೆ ಹರಿಯುವುದು 230 ಮಿಲಿಆಂಪ್, ಅಂದರೆ ಕಾಲು ಆಂಪಿಗೂ ಕಡಿಮೆ. ಎದೆ ನಿಲ್ಲಲು ಅದರಲ್ಲಿ ಒಂದು ಪಾಲು ಸಾಕು. ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. ಹುಡುಗ ಹೋದ ಮೇಲೆ ಮೊಬೈಲಿನಲ್ಲಿ ಲೆಕ್ಕ ಮಾಡಿ ನೋಡಿದೆ. ಆ 60 ವಾಟಿನ ಬಲ್ಬಿನಲ್ಲಿ ಹರಿದದ್ದು ಸುಮಾರು 260 ಮಿಲಿಆಂಪ್. ಅಮ್ಮ ಬರಿಗಾಲಲ್ಲಿ ಇದ್ದಿದ್ದರೆ ಹೆಚ್ಚು ಕಡಿಮೆ ಆ ಬಲ್ಬಿನ ಜಾಗದಲ್ಲಿ ಇರುತ್ತಿದ್ದರು.

ಕರೆಂಟು ಎಳೆದು ಹಿಡಿದುಕೊಳ್ಳುತ್ತದೆ ಅಂತ ನಾವು ಹೇಳುತ್ತೇವೆ. ಅದು ಎಳೆಯುವುದಿಲ್ಲವಂತೆ. ಹತ್ತು ಹದಿನೈದು ಮಿಲಿಆಂಪ್ ದಾಟಿದರೆ ನಮ್ಮ ಸ್ನಾಯುಗಳೇ ಬಿಗಿದುಕೊಂಡು ಮುಷ್ಟಿ ಮುಚ್ಚುತ್ತದೆ, ಬಿಡು ಅಂದರೂ ಬಿಡುವುದಿಲ್ಲ. ಅಮ್ಮನಿಗೆ ತಾಗಿದ್ದು ಮೊಣಕೈ. ಅಂಗೈ ಆಗಿದ್ದರೆ ಅನ್ನುವ ಮಾತನ್ನು ಹುಡುಗ ಪೂರ್ತಿ ಮಾಡಲಿಲ್ಲ.

ಆಮೇಲೆ ಗ್ರೈಂಡರ್ ಮಗುಚಿದ. ಎರಡು ನಿಮಿಷಕ್ಕೆ ಸಿಕ್ಕಿತು. ನಾನು ಬಿಗಿದ ತಟ್ಟೆಯ ಅಂಚಿನ ಕೆಳಗೆ ಫೇಸಿನ ಕೆಂಪು ವಯರು ಸಿಕ್ಕಿಕೊಂಡಿತ್ತು. ಮೋಟರು ನಡುಗಿ ನಡುಗಿ ಇಪ್ಪತ್ತು ನಿಮಿಷದಲ್ಲಿ ಅದರ ಪ್ಲಾಸ್ಟಿಕ್ ಕತ್ತರಿಸಿ ಹೋಗಿದೆ. ತಾಮ್ರ ಹೊಳೆಯುತ್ತಿತ್ತು. ಮೊದಲು ಜುಂ, ಆಮೇಲೆ ಶಾಕ್, ಎರಡಕ್ಕೂ ಕಾರಣ ಅದೇ. ನಾನು ಬಿಚ್ಚಿದ ಹಸಿರು ವಯರೇ ಅರ್ತ್. ಅದು ಜಾಗದಲ್ಲಿ ಇದ್ದಿದ್ದರೆ ಆ ತಾಮ್ರ ಮೈಗೆ ತಾಗಿದ ಕ್ಷಣದಲ್ಲೇ ಕರೆಂಟು ಅದರ ಮೂಲಕ ನೆಲಕ್ಕೆ ಓಡಿ ಎಂಸಿಬಿಯನ್ನೇ ಬೀಳಿಸುತ್ತಿತ್ತು. ಗ್ರೈಂಡರ್ ಸುಮ್ಮನೆ ನಿಲ್ಲುತ್ತಿತ್ತು. ನಾನು ಥೋ ಅಂತ ಬೈದುಕೊಂಡು ಇನ್ನೊಮ್ಮೆ ಬಿಚ್ಚುತ್ತಿದ್ದೆ. ಅಷ್ಟೇ ಆಗುತ್ತಿತ್ತು.

ಅವನು ಪ್ಲಗ್ಗನ್ನು ಅಮ್ಮನಿಗೆ ತೋರಿಸಿದ. "ಈ ಮೇಲಿನ ಕಾಲು ಯಾಕೆ ದಪ್ಪ, ಉದ್ದ ಗೊತ್ತುಂಟಾ ಅಮ್ಮ? ಹಾಕುವಾಗ ಮೊದಲು ಇದು ತಾಗಬೇಕು, ತೆಗೆಯುವಾಗ ಕಡೆಗೆ ಇದು ಬಿಡಬೇಕು. ಅರ್ತ್." ಅಮ್ಮ ಅಂಥ ಪ್ಲಗ್ಗನ್ನು ಐವತ್ತು ವರ್ಷದಿಂದ ಹಾಕಿ ತೆಗೆದವರು. ಮೊದಲ ಸಲ ನೋಡುವ ಹಾಗೆ ನೋಡಿದರು. ನನ್ನ ಇಸ್ತ್ರಿಪೆಟ್ಟಿಗೆಯ ಪ್ಲಗ್ಗಿಗೆ ಆ ಕಾಲೇ ಇಲ್ಲ, ಎರಡು ತೂತಿನ ಎಕ್ಸ್‌ಟೆನ್ಶನ್‌ಗೆ ಹೋಗಲಿ ಅಂತ ನಾನೇ ಕಿತ್ತದ್ದು. ಹುಡುಗನ ಎದುರು ಅದನ್ನು ಹೇಳಲಿಲ್ಲ.

ಕಾಫಿ ಕುಡಿಯುವಾಗ ಇನ್ನೊಂದು ಕೇಳಿದೆ. ಮಣಿಪಾಲದ ಅಕ್ಕನ ಮೈಕ್ರೋವೇವ್ ಹಾಳಾಗಿ ಬಿದ್ದಿದೆ. ಮುಂದಿನ ಆದಿತ್ಯವಾರ ಬಿಚ್ಚಿ ನೋಡುವ ಅಂತಿದ್ದೆ, ವಿಡಿಯೋ ಕೂಡ ಹುಡುಕಿ ಇಟ್ಟಿದ್ದೆ. ಹುಡುಗ ಲೋಟ ಕೆಳಗೆ ಇಟ್ಟ.

"ಅದನ್ನು ನಾನೂ ಮುಟ್ಟುವುದಿಲ್ಲ."

ಅದರೊಳಗಿನ ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು ಎರಡು ಸಾವಿರಕ್ಕೆ ಏರಿಸುತ್ತದೆ. ಅಲ್ಲೊಂದು ಕೆಪಾಸಿಟರ್ ಇದೆ. ಪ್ಲಗ್ ಕಿತ್ತ ಮೇಲೂ ಅದು ಆ ಚಾರ್ಜನ್ನು ಹಿಡಿದಿಟ್ಟುಕೊಂಡಿರಬಹುದು. ಅದನ್ನು ಖಾಲಿ ಮಾಡಲು ಒಳಗೆ ಒಂದು ರೆಸಿಸ್ಟರ್ ಇರುತ್ತದೆ, ಆದರೆ ಅದು ಸತ್ತಿದೆಯೋ ಬದುಕಿದೆಯೋ ಹೊರಗಿಂದ ಗೊತ್ತಾಗುವುದಿಲ್ಲ. ಗ್ರೈಂಡರಿನ ಕೆಪಾಸಿಟರನ್ನು ಬಿಚ್ಚುವಾಗ ನನ್ನ ಸ್ಕ್ರೂಡ್ರೈವರ್ ತಾಗಿ ಟಪ್ ಅಂತ ಕಿಡಿ ಬಂದಿತ್ತು. ನಾನು ನಕ್ಕಿದ್ದೆ. ಮೈಕ್ರೋವೇವಿನದ್ದು ಅದೇ ಜಾತಿ, ಆದರೆ ಕೊಲ್ಲುವ ಅಣ್ಣ. ವಿಡಿಯೋ ಡಿಲೀಟ್ ಮಾಡಿ ಅಕ್ಕನಿಗೆ ಕಂಪನಿಯವರನ್ನು ಕರೆಸು ಅಂತ ಮೆಸೇಜ್ ಹಾಕಿದೆ. "ಅಬ್ಬಾ, ಸದ್ಯ" ಅಂತ ಉತ್ತರ ಬಂತು. ಅವಳಿಗೆ ಮೊದಲೇ ನನ್ನ ಮೇಲೆ ನಂಬಿಕೆ ಇರಲಿಲ್ಲ ಅಂತ ಕಾಣುತ್ತದೆ.

ಹೊಸ ವಯರು, ಹೊಸ ಬಳೆ ಹಾಕಿ ಹುಡುಗ ಕೈ ಚಾಚಿದ. "ಇದರ ಸ್ಕ್ರೂ ಎಲ್ಲುಂಟು? ನಕ್ಷತ್ರ ವಾಷರ್ ಇತ್ತಲ್ಲ, ಅದೇ ಬೇಕು. ಅದರ ಹಲ್ಲು ತುಕ್ಕು, ಪೇಂಟು ಎಲ್ಲ ಕೆರೆದು ಲೋಹಕ್ಕೆ ಕಚ್ಚುತ್ತದೆ." ನಾನು ಹಾರ್ಲಿಕ್ಸ್ ಬಾಟಲಿ ತಂದೆ. ಅವನು ಬಾಟಲಿಯನ್ನು ನೋಡಿದ, ನನ್ನನ್ನು ನೋಡಿದ, ಏನೂ ಹೇಳಲಿಲ್ಲ. ಇದ್ದದ್ದರಲ್ಲಿ ಮೇಲಿತ್ತು, ಬೇಗ ಸಿಕ್ಕಿತು.

ದುಡ್ಡು ಕೊಟ್ಟೆ. ಮಧ್ಯಾಹ್ನ ಅಂತೂ ಪತ್ರೊಡೆ ಬೆಂದಿತು. ಅಮ್ಮ ಸ್ವಿಚ್ ಹಾಕುವ ಮೊದಲು ಕೈಯ ಹಿಂಭಾಗದಿಂದ ಗ್ರೈಂಡರನ್ನು ಒಮ್ಮೆ ತಟ್ಟಿದರು, ಹಾಕಿದ ಮೇಲೆ ಇನ್ನೊಮ್ಮೆ. ಹಾಗೆ ಮುಟ್ಟಬೇಡಿ ಅಂದರೂ ಕೇಳಲಿಲ್ಲ. ಬಾವಿಯ ಲೈಟಿನ ಲೈನನ್ನು ಹುಡುಗ ಕತ್ತರಿಸಿ ಹೋಗಿದ್ದಾನೆ. ಬುಧವಾರ ಬಂದು ಸರಿ ಮಾಡುತ್ತಾನಂತೆ. ಅಲ್ಲಿಯವರೆಗೆ ಟಾರ್ಚು.

ಊಟ ಆದ ಮೇಲೆ ಬಾಟಲಿಯನ್ನು ಪೇಪರಿನ ಮೇಲೆ ಸುರಿದೆ. ಹದಿನೇಳು ಸ್ಕ್ರೂ, ಐದು ನಟ್ಟು, ಒಂದು ಸ್ಪ್ರಿಂಗ್, ಕೆಲವು ವಾಷರ್. ಮರದ ಸ್ಕ್ರೂಗಳನ್ನು ಬೇರೆ ಮಾಡಿದೆ. ಕಪಾಟಿನ ಬಾಗಿಲಿನದು ಗುರುತು ಸಿಕ್ಕಿತು, ಸೈಕಲಿನದು ಸಿಕ್ಕಿತು. ಕಡೆಗೆ ಇನ್ನೂ ಎರಡು ನಕ್ಷತ್ರ ವಾಷರ್ ಉಳಿದವು. ಒಂದು ಇಸ್ತ್ರಿಪೆಟ್ಟಿಗೆಯದು ಇರಬೇಕು. ಇನ್ನೊಂದು ಯಾವುದರದು? ಹೋದ ವರ್ಷ ಪಂಪ್ ಬಿಚ್ಚಿದ್ದೆ. ಅದರ ಹಿಂದಿನ ವರ್ಷ ವಾಷಿಂಗ್ ಮಷಿನ್.

ಎರಡರ ಪ್ಲಗ್ಗನ್ನೂ ಈಗಷ್ಟೇ ಕಿತ್ತು ಬಂದೆ.